ಕರುಳಿನ ಹುಣ್ಣು, ಕುರ್ಲಾದ ಸೇಡು

ಕಳೆದ ವಾರ ಮಗಳ ಯೂನಿಫಾರ್ಮ್ ತರಲು ಸಯನ್‌ನ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಪ್ಲಾಸ್ಟಿಕ್ ಚೀಲ ಹರಿದು ಹೊಸ ಶರಟನ್ನು ಗಾಜಿನ ಮೇಜಿನ ಮೇಲೆ ಕೊಡವಿದಾಗ ಗಂಜಿ, ಇಸ್ತ್ರಿ, ಹೊಲಿಗೆ ಮಷೀನಿನ ಎಣ್ಣೆ ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ನನ್ನ ಕೈ ತಾನಾಗಿ ಶರಟಿನ ತೋಳು ಹಿಡಿದು ಬಾಗಿಲ ಬೆಳಕಿನ ಕಡೆ ತಿರುಗಿಸಿತು. ತೋಳಿನ ಬಣ್ಣವೂ ಮೈಯ ಬಣ್ಣವೂ ಒಂದೇ ಇವೆಯೇ ಎಂದು ನೋಡುತ್ತಾ ನಿಂತುಬಿಟ್ಟೆ. "ಮಮ್ಮಿ, ಕ್ಯಾ ದೇಖ್ ರಹೀ ಹೋ?" ಎಂದಳು ಮಗಳು. ಏನಿಲ್ಲ ಎಂದೆ. ಆದರೆ ಮೂರು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ನೆನಪಾಯಿತು. ಮನೆಗೆ ಬರುವವರೆಗೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ನಾನು ಕುರ್ಲಾದ ಒಂದು ಗಾಳಾದಲ್ಲಿ ಚೆಕ್ಕರ್ ಆಗಿದ್ದೆ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದೊಂದು ದೊಡ್ಡ ಕೋಣೆಗೂ ಇಲ್ಲಿ ಗಾಳಾ ಎನ್ನುತ್ತಾರೆ. ನಮ್ಮದು ಮೂರನೆಯ ಮಹಡಿ. ನಲವತ್ತು ಮಷೀನು, ಪರದೇಶಕ್ಕೆ ಹೋಗುವ ಶರಟು. ಹೊಲಿದು ಬಂದ ಶರಟನ್ನು ತಿರುವಿ ಹಾಕಿ ಹೊಲಿಗೆ ಬಿಟ್ಟಿದೆಯೇ, ಗುಂಡಿ ಸೊಟ್ಟಗಿದೆಯೇ, ಕಲೆ ಇದೆಯೇ ಎಂದು ಹುಡುಕುವುದು ನನ್ನ ಕೆಲಸ. ತಪ್ಪು ಕಂಡ ಜಾಗಕ್ಕೆ ಕೆಂಪು ಚೀಟಿ ಅಂಟಿಸಬೇಕು. ಆ ಕೆಲಸದಲ್ಲಿ ನಾನು ಒಳ್ಳೆಯವಳಾಗಿದ್ದೆ. ತಪ್ಪು ಹುಡುಕುವುದು ಅಭ್ಯಾಸವಾದವರಿಗೆ ಮನುಷ್ಯರಲ್ಲೂ ಅದೇ ಮೊದಲು ಕಾಣುತ್ತದೆ ಎಂದು ನನ್ನ ಗಂಡ ಬಸು ನಗೆಯಾಡುತ್ತಿದ್ದ.

ನನಗೆ ಆ ಕೆಲಸ ಕೊಡಿಸಿದವರು ರಜನಿ ಮೇಡಂ. ಧಾರವಾಡದ ಕಡೆಯವರು, ಗಾಳಾದ ಕ್ವಾಲಿಟಿಯ ಜವಾಬ್ದಾರಿ ಅವರದು. ನಾನು ಸಿಂದಗಿಯವಳು. ಹಿಂದಿ, ಮರಾಠಿ, ಭೋಜಪುರಿಯ ಆ ಗದ್ದಲದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಮಧ್ಯಾಹ್ನ ಒಟ್ಟಿಗೆ ಉಣ್ಣುತ್ತಿದ್ದೆವು. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಬಾಯಿ ಜೋರು, ಮನಸ್ಸು ಒಳ್ಳೆಯದು ಎಂದುಕೊಂಡಿದ್ದೆ.

ಮಗಳು ಹುಟ್ಟಿದ ವರ್ಷ ನನ್ನ ದೊಡ್ಡ ಕರುಳಿನಲ್ಲಿ ಹುಣ್ಣಾಗಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ಹೊಟ್ಟೆ ಹಿಂಡಿ ರಕ್ತ ಹೋಗುತ್ತಿತ್ತು. ಔಷಧಿಯಿಂದ ಕಡಿಮೆಯಾಯಿತು, ನಾಲ್ಕು ವರ್ಷಕ್ಕೆ ಮತ್ತೆ ಬಂತು, ಮತ್ತೆ ಹೋಯಿತು. ಇದು ಬಿಟ್ಟುಹೋಗುವ ರೋಗವಲ್ಲ, ನಡುನಡುವೆ ಮಲಗುವ ರೋಗ ಎಂದು ಡಾಕ್ಟರ್ ಹೇಳಿದ್ದರು. ಆ ವರ್ಷ ಮಳೆ ಶುರುವಾಗುವ ಹದಿನೈದು ದಿನ ಮೊದಲು ಅದು ಮೂರನೆಯ ಸಲ ಎದ್ದಿತು. ಮೊದಲ ಸಲ ಹೆದರಿದ್ದೆ, ಎರಡನೆಯ ಸಲ ಅತ್ತಿದ್ದೆ. ಈ ಸಲ ಬಂದದ್ದು ಬರೀ ಸಿಟ್ಟು. ಪಥ್ಯ ಬಿಟ್ಟಿರಲಿಲ್ಲ, ಮಾತ್ರೆ ಬಿಟ್ಟಿರಲಿಲ್ಲ, ಯಾರಿಗೂ ಕೆಟ್ಟದ್ದು ಮಾಡಿರಲಿಲ್ಲ. ಮತ್ತೆ ಯಾಕೆ ಎಂದು ಕೇಳೋಣವೆಂದರೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ರಜನಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಕನ್ನಡದಲ್ಲಿ ಹೇಳಿದ್ದರಿಂದ ಪಕ್ಕದವರಿಗೆ ತಿಳಿಯಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡರು.

"ಯಾರ ಮುಂದೂ ಹೇಳಬ್ಯಾಡ ಶೋಭಾ. ನಾ ಅದೀನಲ್ಲ," ಎಂದರು.

ನಮ್ಮ ಮಹಡಿಯಲ್ಲಿ ಹೆಂಗಸರಿಗೆ ಒಂದೇ ಟಾಯ್ಲೆಟ್. ಹೊರಗಿನವರು ಹೊಲಸು ಮಾಡುತ್ತಾರೆಂದು ಅದಕ್ಕೆ ಬೀಗ, ಕೀಲಿಕೈ ರಜನಿ ಮೇಡಂ ಹತ್ತಿರ. ಎರಡು ವಾರ ನಾನು ಕಣ್ಣೆತ್ತಿ ನೋಡಿದರೆ ಸಾಕು, ಕೀಲಿಕೈ ಕೊಡುತ್ತಿದ್ದರು. ಆಮೇಲೆ ಕೆಲಸ ನಿಧಾನವಾಗುತ್ತಿದೆ ಎಂದು ಗಾಳಾದ ಮಾಲೀಕ ಸೇಠ್ ರಜನಿ ಮೇಡಂಗೆ ಬೈದರು. ಮಾರನೆಯ ದಿನ ಅವರ ಮೇಜಿನ ಮೇಲೆ ಒಂದು ರಜಿಸ್ಟರ್ ಬಂತು. ಯಾರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು, ಎಲ್ಲ ಬರೆಯಬೇಕು. ಉಳಿದವರ ಹೆಸರಿನ ಮುಂದೆ ಒಂದೋ ಎರಡೋ ಸಾಲು. ನನ್ನ ಹೆಸರಿಗೆ ಇಡೀ ಪುಟ ಬೇಕಾಗುತ್ತಿತ್ತು.

ನಾವಿದ್ದದ್ದು ಆಂಟಾಪ್ ಹಿಲ್‌ನಲ್ಲಿ. ಜಿಟಿಬಿ ನಗರದಲ್ಲಿ ಲೋಕಲ್ ಹತ್ತಿದರೆ ಚೂನಾಭಟ್ಟಿ, ಅದರ ಮುಂದೆ ಕುರ್ಲಾ. ಹತ್ತು ನಿಮಿಷದ ದಾರಿ ಕೂಡ ಅಲ್ಲ. ಆದರೆ ಲೋಕಲ್‌ನಲ್ಲಿ ಟಾಯ್ಲೆಟ್ ಇರುವುದಿಲ್ಲ, ನನ್ನ ಹೊಟ್ಟೆ ಹತ್ತು ನಿಮಿಷದ ಭರವಸೆಯನ್ನೂ ಕೊಡುತ್ತಿರಲಿಲ್ಲ. ಬೆಳಿಗ್ಗೆ ನೀರು ಕೂಡ ಕುಡಿಯದೆ ಹೊರಡುತ್ತಿದ್ದೆ.

ಜುಲೈನ ಒಂದು ಬೆಳಿಗ್ಗೆ ಚೂನಾಭಟ್ಟಿ ದಾಟಿ ಗಾಡಿ ನಿಂತಿತು. ಹಳಿಯ ಮೇಲೆ ನೀರು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಟ್ಟೆ ಹಿಂಡತೊಡಗಿತು. ಕಂಬಿ ಹಿಡಿದು, ಹಲ್ಲು ಕಚ್ಚಿ, ನೂರರಿಂದ ಹಿಂದಕ್ಕೆ ಎಣಿಸಿದೆ. ನಲವತ್ತಕ್ಕೆ ಬರುವಷ್ಟರಲ್ಲಿ ಮೈ ನನ್ನ ಮಾತು ಕೇಳಲಿಲ್ಲ. ಕಾಲಿನ ಮೇಲೆ ಬಿಸಿಯಾಗಿ ಇಳಿಯಿತು. ಸುತ್ತಲಿನವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅಷ್ಟು ಗರ್ದಿಯಲ್ಲೂ ನನ್ನ ಸುತ್ತ ಜಾಗವಾಯಿತು.

ಆ ಜಾಗದೊಳಕ್ಕೆ ಒಬ್ಬಳು ಮಾತ್ರ ಬಂದಳು. ಫರ್ಜಾನಾ. ನಮ್ಮ ಗಾಳಾದಲ್ಲೇ ಶರಟಿನ ದಾರದ ಎಳೆ ಕತ್ತರಿಸುವ ಕೆಲಸದವಳು. ಮುಖ ನೋಡಿ ಗೊತ್ತಿತ್ತು, ಮಾತಾಡಿದ್ದು ಕಡಿಮೆ. ಆಕೆ ತನ್ನ ಬುರ್ಖಾ ಕಳಚಿ ನನಗೆ ಹೊದಿಸಿದಳು. ಅಷ್ಟು ಜನರ ನಡುವೆ ತಾನು ಬರೀ ಸಲ್ವಾರ್ ಕಮೀಜಿನಲ್ಲಿ ನಿಂತಳು. "ದೀದಿ, ಮೇರಾ ಹಾಥ್ ಪಕಡೋ," ಎಂದಳು. ಗಾಡಿ ಹೊರಡುವವರೆಗೂ ಕೈ ಬಿಡಲಿಲ್ಲ. ಕುರ್ಲಾದಲ್ಲಿ ಇಳಿದು ಇಬ್ಬರೂ ಮಳೆಯಲ್ಲೇ ನಡೆದು ಗಾಳಾ ತಲುಪಿದೆವು. ಅಂದು ಆ ಮಳೆ ನನಗೆ ಬೇಕಾಗಿತ್ತು.

ಒಳಗೆ ಹೋದವಳೇ ಕೀಲಿಕೈಗೆ ಕೈ ಚಾಚಿದೆ. ಸೇಠ್ ಅಂದು ಬೇಗ ಬಂದು, ತಡವಾದ ಎಲ್ಲರ ಬಗ್ಗೆ ರಜನಿ ಮೇಡಂ ಮೇಲೆ ಹಾರಾಡಿದ್ದರಂತೆ.

"ಈಗ ಬಂದೀ, ಈಗ ಟಾಯ್ಲೆಟ್ ಬೇಕೇನು ನಿನಗ?" ಎಂದರು ರಜನಿ ಮೇಡಂ.

"ಮೇಡಂ, ಕೊಡ್ರಿ. ಆಮ್ಯಾಲೆ ಹೇಳ್ತೀನಿ."

ಅವರು ರಜಿಸ್ಟರ್ ತೆಗೆದರು. ಹಿಂದಿನ ದಿನ ನಾನು ಎಷ್ಟೆಷ್ಟು ಹೊತ್ತಿಗೆ ಹೋದೆನೆಂದು ಒಂದೊಂದೇ ಓದಿದರು. ಕನ್ನಡದಲ್ಲಲ್ಲ, ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ. ಮಷೀನುಗಳು ಒಂದೊಂದಾಗಿ ನಿಂತವು. ಕೊನೆಗೆ, ಇವಳಿಗೆ ಕರುಳಿನ ರೋಗವಿದೆ, ರಕ್ತ ಹೋಗುತ್ತದೆ, ಇವಳು ಹೋಗಿ ಬಂದ ಮೇಲೆ ಫಿನಾಯಿಲ್ ಹಾಕದೆ ಯಾರೂ ಒಳಗೆ ಹೋಗಬೇಡಿ ಎಂದರು. ಆಮೇಲೆ ಕೀಲಿಕೈಯನ್ನು ಮೇಜಿನ ತುದಿಗೆ ತಳ್ಳಿದರು. ನನ್ನ ಕೈಗೆ ಕೊಡಲಿಲ್ಲ.

ಅಂದು ಮಧ್ಯಾಹ್ನ ನನ್ನ ಹತ್ತಿರ ಯಾರೂ ಡಬ್ಬಿ ಬಿಚ್ಚಲಿಲ್ಲ. ಫರ್ಜಾನಾ ಬಂದು ಕೂತಳು. ರೈಲಿನ ವಿಷಯ ಆಕೆ ಯಾರಿಗೂ ಹೇಳಿರಲಿಲ್ಲ, ಮುಂದೆಯೂ ಹೇಳಲಿಲ್ಲ.

ಡಾಕ್ಟರ್ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದರು. ಮುಖ ಊದಿತು, ನಿದ್ದೆ ಹೋಯಿತು. ಈ ಮಾತ್ರೆಗೆ ಸಿಟ್ಟು ಹೆಚ್ಚಾಗಬಹುದು ಎಂದೂ ಹೇಳಿದ್ದರು. ಆದರೆ ನನ್ನ ಸಿಟ್ಟಿನ ಹೊಣೆಯನ್ನು ಮಾತ್ರೆಗೆ ಹೊರಿಸಲಾರೆ. ಅದು ನನ್ನದೇ. ಅಡುಗೆ ಮಾಡುವಾಗ, ಬಟ್ಟೆ ಒಗೆಯುವಾಗ, ಲೋಕಲ್‌ನಲ್ಲಿ ನಿಂತಾಗ ಒಂದೇ ಬೇಡಿಕೆ: ಈ ರೋಗ ರಜನಿಗೆ ಬರಲಿ. ಇದೇ ಗಾಡಿಯಲ್ಲಿ, ಇದೇ ನೀರಿನ ನಡುವೆ ಆಕೆ ನಿಂತಿರಲಿ. ಸುತ್ತಲಿನವರು ಸರಿಯಲಿ. ಆ ಚಿತ್ರವನ್ನು ದಿನವೂ ಸ್ವಲ್ಪ ಸ್ವಲ್ಪ ತಿದ್ದಿ ಚೆಂದ ಮಾಡುತ್ತಿದ್ದೆ.

ನಮ್ಮ ಪಕ್ಕದ ಮನೆಯಲ್ಲಿ ಕುಸುಮ ಮಾವಶಿ ಇದ್ದರು. ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಆಯಾ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಇಂಡಿ ತಾಲೂಕಿನಾಚೆ ಗಡಿಯ ಹಳ್ಳಿಯವರಾದ್ದರಿಂದ ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ಅವರ ಅಪ್ಪನ ಕಾಲದಿಂದ ಬೌದ್ಧರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಮುಂದೆ ಒಂದು ಲೋಟದಲ್ಲಿ ನೀರು, ಎರಡು ಹೂವು. ನನ್ನ ಬಟ್ಟೆಗಳನ್ನು ಕೇಳದೆಯೇ ಎತ್ತಿಕೊಂಡು ಹೋಗಿ ಒಗೆದು ಹಾಕಿದವರು ಅವರೊಬ್ಬರೇ. ಬೇಡವೆಂದರೆ, "ಇದ ಕೆಲಸಾ ಮಾಡಿ ಪೆನ್ಶನ್ ತಗೊಂಡಾಕಿ ನಾ," ಎನ್ನುತ್ತಿದ್ದರು.

ಒಂದು ಸಂಜೆ ಊರಿಂದ ಅತ್ತೆಯ ಫೋನ್ ಬಂತು. ಹಿಂದಿನ ಜನ್ಮದ ಪಾಪ, ಅದಕ್ಕೇ ತಿರುಗಿ ತಿರುಗಿ ಬರುತ್ತದೆ, ಒಂದು ಹರಕೆ ಹೊರಬೇಕು ಎಂದರು. ಫೋನಿಟ್ಟು ನಾನು ಗೋಡೆಗೆ ಒರಗಿ ಕೂತಿದ್ದಾಗ ಮಾವಶಿ ಒಳಗೆ ಬಂದರು.

"ಯಾವ ಪಾಪ? ಯಾರು ನೋಡ್ಯಾರ?" ಎಂದರು. "ಪಿತ್ತ ಕೆಡ್ತದ, ವಾತ ಕೆಡ್ತದ, ಹವಾ ಕೆಡ್ತದ, ಮೈ ಕೆಡ್ತದ. ಬ್ಯಾನಿ ಬರಾಕ ಕಾರಣ ಭಾಳ ಅವ, ಎಲ್ಲಾ ಕರ್ಮದ ಮ್ಯಾಲೆ ಹಾಕಬ್ಯಾಡ್ರಿ ಅಂತ ನಮ್ಮ ಬುದ್ಧನ ಹೇಳ್ಯಾನ. ಅವಗೂ ಬೆನ್ನ ನೋವಿತ್ತು, ಗೊತ್ತೇನು? ಮಾತು ಹೇಳಕೋತ ಕುಂತಾಂವ, ನನ್ನ ಬೆನ್ನ ನೋಯಾಕತ್ತದ, ಮುಂದಿಂದು ನೀ ಹೇಳು ಅಂತ ಶಿಷ್ಯಗ ಬಿಟ್ಟು ಮಲಗಿದ. ಅವ ಯಾವ ಪಾಪ ಮಾಡಿದ್ದ?"

ಬುದ್ಧನಿಗೂ ಬೆನ್ನುನೋವಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಮಾತಿನಿಂದ ಆದ ಸಮಾಧಾನವನ್ನು ಹೇಗೆ ಹೇಳಲಿ. ಮಾವಶಿ ಇನ್ನೊಂದನ್ನೂ ಹೇಳಿದರು. ಒಬ್ಬ ಭಿಕ್ಷುವಿಗೆ ನನ್ನದೇ ಥರದ ಹೊಟ್ಟೆಯ ರೋಗ. ತನ್ನ ಹೊಲಸಿನಲ್ಲೇ ಬಿದ್ದಿದ್ದನಂತೆ. ಉಳಿದ ಭಿಕ್ಷುಗಳು ಹತ್ತಿರ ಬರುತ್ತಿರಲಿಲ್ಲ. ಬುದ್ಧನೇ ನೀರು ತರಿಸಿ, ತನ್ನ ಕೈಯಿಂದ ಅವನ ಮೈ ತೊಳೆದು, ಎತ್ತಿ ಹಾಸಿಗೆಯ ಮೇಲೆ ಮಲಗಿಸಿದನಂತೆ.

"ಆ ಉಳದ ಭಿಕ್ಷುಗಳಿಗೆ ಏನ್ ಮಾಡಿದ?" ಎಂದು ಕೇಳಿದೆ.

"ಕರದು ಬುದ್ಧಿ ಹೇಳಿದ. ನಿಮ್ಮನ್ನ ನೀವ ನೋಡ್ಕೋಳ್ಳಿಲ್ಲಂದ್ರ ಇನ್ಯಾರು ನೋಡ್ತಾರ ಅಂದ."

"ಅಷ್ಟ?"

"ಅಷ್ಟ."

"ಅದು ಸಾಲೂದಿಲ್ಲ ಮಾವಶಿ," ಎಂದೆ.

ಮಾವಶಿ ನಕ್ಕರು. ಆಮೇಲೆ ನನ್ನ ಮುಂದೆ ಕೂತು, ನೋವು ಬಂದಾಗ ಉಸಿರಿನ ಮೇಲೆ ಗಮನವಿಟ್ಟು ಕೂರುವುದನ್ನು ಕಲಿಸಿದರು. "ನೋವು ಬಂತು ಅನ್ನು. ನಂದು ಅನಬ್ಯಾಡ. ಬಂತು, ನಿಂತದ, ಹೋತು. ಅಷ್ಟ ನೋಡು." ದಿನವೂ ಮಾಡಿದೆ. ಆಶ್ಚರ್ಯವೆಂದರೆ ಹೊಟ್ಟೆಯ ನೋವಿನ ಮಟ್ಟಿಗೆ ಅದು ಕೆಲಸ ಮಾಡಿತು. ನೋವು ಕಡಿಮೆಯಾಗಲಿಲ್ಲ, ಆದರೆ ಅದರ ಜೊತೆಗಿನ ಹೆದರಿಕೆ ಇಳಿಯಿತು. ರೋಗ ಮತ್ತೆ ಬಂತಲ್ಲ ಎಂಬ ಗೋಳಾಟವೂ ತಗ್ಗಿತು. ಸಿಟ್ಟಿನ ಹತ್ತಿರ ಮಾತ್ರ ಆ ಆಟ ನಡೆಯಲಿಲ್ಲ. ಬಂತು, ನಿಂತಿದೆ ಎಂಬಲ್ಲಿಗೆ ಮುಗಿಯಿತು, ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅದು ಹೋಗುವುದು ನನಗೂ ಬೇಕಿರಲಿಲ್ಲ.

ಆಗಸ್ಟ್ ಕೊನೆಗೆ ಒಂದು ದೊಡ್ಡ ಆರ್ಡರಿನ ನೀಲಿ ಶರಟುಗಳು ನನ್ನ ಮೇಜಿಗೆ ಬಂದವು. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಹರಿದು ಕಿಟಕಿಯಿಂದ ಬಿಸಿಲು ಬಿತ್ತು. ಆ ಬೆಳಕಿನಲ್ಲಿ ಒಂದು ಶರಟಿನ ಎಡತೋಳು ಮೈಗಿಂತ ಚೂರು ತಿಳಿಯಾಗಿ ಕಂಡಿತು. ಇನ್ನೊಂದು ತೆಗೆದೆ, ಅದೂ ಹಾಗೆಯೇ. ಕತ್ತರಿಸುವಾಗ ಎಡತೋಳುಗಳನ್ನು ಬೇರೆ ಥಾನಿನಿಂದ, ಅಂದರೆ ಬಟ್ಟೆಯ ಬೇರೆ ಸುರುಳಿಯಿಂದ ತೆಗೆದಿದ್ದರು. ಟ್ಯೂಬ್‌ಲೈಟ್ ಕೆಳಗೆ ಯಾರಿಗೂ ಕಾಣದು, ಹಗಲ ಬೆಳಕಿನಲ್ಲಿ ಪರೀಕ್ಷೆ ಮಾಡುವವರಿಗೆ ತಕ್ಷಣ ಕಾಣುತ್ತದೆ. ಕೆಂಪು ಚೀಟಿ ಅಂಟಿಸಿ ರಜನಿ ಮೇಡಂಗೆ ಹೇಳಬೇಕಿತ್ತು.

ನಾನು ಹೇಳಲಿಲ್ಲ. ನಾನು ಟಿಕ್ ಹಾಕಿದ ಹಾಳೆಗೆ ಅವರು ಶರಟು ನೋಡದೆಯೇ ಸಹಿ ಮಾಡುತ್ತಿದ್ದರು. ನನ್ನ ರೋಗವನ್ನು ಹರಾಜು ಹಾಕಿದ್ದರೂ ನನ್ನ ಕಣ್ಣಿನ ಮೇಲೆ ಅವರಿಗೆ ನಂಬಿಕೆ ಇತ್ತು. ಮಾಲು ವಾಪಸ್ ಬಂದರೆ ಸೇಠ್ ಮೊದಲು ನೋಡುವುದು ಆ ಸಹಿಯನ್ನು. ಎಲ್ಲ ಶರಟಿಗೂ ಟಿಕ್ ಹಾಕಿದೆ. ಅವರು ಸಹಿ ಮಾಡುವಾಗ ಪೆನ್ನು ಬರೆಯಲಿಲ್ಲ, ನನ್ನ ಪೆನ್ನನ್ನೇ ಕೊಟ್ಟೆ. ಅಂದು ಸಂಜೆ ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ನನ್ನ ಮುಖ ನೋಡಿ ಬಸು, "ಔಷಧ ಹಿಡದಂಗ ಕಾಣಸ್ತದ," ಎಂದ.

ಮೂರು ವಾರಕ್ಕೆ ಮಾಲು ಹಡಗು ಹತ್ತುವ ಮೊದಲೇ ಕೊಳ್ಳುವವರ ಪರೀಕ್ಷೆಯಲ್ಲಿ ಬಿದ್ದು ವಾಪಸ್ ಬಂತು. ಸೇಠ್‌ರ ಕೂಗು ಮಷೀನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ನಾನು ತಲೆ ತಗ್ಗಿಸಿ, ಕಿವಿ ಅತ್ತಲೇ ಇಟ್ಟು, ರಜನಿ ಮೇಡಂ ಅಳುತ್ತಾ ಹೊರಗೆ ಬರುವುದನ್ನು ಕಾಯುತ್ತಿದ್ದೆ. ಅವರು ಅಳುತ್ತಾ ಬರಲಿಲ್ಲ. ದಾರ ಕತ್ತರಿಸುವಾಗ ತುಂಡುಗಳ ನಂಬರ್ ಚೀಟಿ ಕಿತ್ತು ಕಲಸಿದ್ದಾರೆ, ಅದರಿಂದಲೇ ಒಂದು ಥಾನಿನ ತೋಳು ಇನ್ನೊಂದು ಥಾನಿನ ಮೈಗೆ ಸೇರಿದೆ ಎಂದು ಹೇಳಿದ್ದರು. ನನ್ನನ್ನು ಹಿಡಿದುಕೊಟ್ಟರೆ ಜೊತೆಗೆ ಅವರ ಸಹಿಯೂ ಸಿಕ್ಕಿಬೀಳುತ್ತಿತ್ತು. ದಾರ ಕತ್ತರಿಸುವವಳ ಸಹಿ ಎಲ್ಲೂ ಇರುವುದಿಲ್ಲ. ಸೇಠ್ ಸಿಟ್ಟಿನಲ್ಲಿದ್ದರು, ಹೊಲಿದ ಮೇಲೆ ದಾರ ಕತ್ತರಿಸುವವಳು ಹೊಲಿಯುವ ಮೊದಲು ತೋಳು ಹೇಗೆ ಕಲಸಿಯಾಳು ಎಂದು ಕೇಳಲಿಲ್ಲ. ಫರ್ಜಾನಾಳನ್ನು ಅಂದೇ ಕೆಲಸದಿಂದ ತೆಗೆದರು.

ಆಕೆ ನನ್ನ ಮೇಜಿನ ಮುಂದೆಯೇ ಹೋದಳು. "ದೀದಿ, ಮೈನೆ ಕುಛ್ ನಹೀಂ ಕಿಯಾ," ಎಂದಳು. ನಾನು ಮುಂದಿನ ಶರಟನ್ನು ಎಳೆದು ತಿರುವಿ ಹಾಕಿದೆ.

ಎರಡು ದಿನ ಸುಮ್ಮನಿದ್ದೆ. ಮಾತ್ರೆಯಿಂದ ಹದಕ್ಕೆ ಬರುತ್ತಿದ್ದ ಹೊಟ್ಟೆ ಮತ್ತೆ ಕೆಟ್ಟಿತು. ಮೂರನೆಯ ದಿನ ಮಾವಶಿಯ ಮುಂದೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾರೆ, ಉಸಿರಿನ ಮಾತು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಆಕಿ ನಿನ್ನ ಮ್ಯಾಲೆ ತನ್ನ ಬುರ್ಖಾ ಹೊಚ್ಚಿದಳು. ನೀ ಆಕಿ ಮ್ಯಾಲೆ ಏನ್ ಹೊಚ್ಚಿದಿ?"

"ನಾ ಆಕಿಗೆ ಮಾಡಬೇಕಂತ ಮಾಡಿಲ್ಲ ಮಾವಶಿ."

"ಹೌದು. ಆದ್ರ ಆಗಿದ್ದು ಆಕಿಗೆ," ಎಂದು ಮತ್ತೆ ಅಕ್ಕಿಯ ಕಡೆ ತಿರುಗಿದರು.

ಮಾರನೆಯ ಬೆಳಿಗ್ಗೆ ಸೇಠ್‌ರ ಕ್ಯಾಬಿನ್ನಿಗೆ ಹೋದೆ. ರಜನಿ ಮೇಡಂ ಅಲ್ಲೇ ಇದ್ದರು. ವಾಪಸ್ ಬಂದ ಒಂದು ಶರಟನ್ನು ಕಿಟಕಿಯ ಹತ್ತಿರ ಹಿಡಿದು, ಇದು ಹೊಲಿಗೆಗೆ ಬರುವ ಮೊದಲೇ ಆದ ತಪ್ಪು, ಫರ್ಜಾನಾಳದಲ್ಲ, ನಾನು ಅಂದೇ ನೋಡಿದ್ದೆ, ನೋಡಿಯೂ ಬಿಟ್ಟೆ ಎಂದೆ. ಯಾಕೆ ಎಂದು ಸೇಠ್ ಕೇಳಿದರು. ನನ್ನ ಹರಕು ಹಿಂದಿಯಲ್ಲಿ ರೋಗ, ಕೀಲಿಕೈ, ರಜಿಸ್ಟರ್, ಅಂದು ಎಲ್ಲರ ಮುಂದೆ ಓದಿದ್ದು ಎಲ್ಲವನ್ನೂ ಹೇಳಿದೆ. ರೈಲಿನ ವಿಷಯವನ್ನೂ ಹೇಳಿದೆ. ನನ್ನ ಬಾಯಿಂದಲೇ ಅದನ್ನು ಹೇಳಿದ ಮೇಲೆ ಅದರಲ್ಲಿ ಇನ್ನೊಬ್ಬರು ಕಿತ್ತುಕೊಳ್ಳುವಂಥದ್ದು ಏನೂ ಉಳಿಯಲಿಲ್ಲ. ಸೇಠ್ ನನ್ನ ಮುಖ ನೋಡದೆ, ನಾಳೆಯಿಂದ ಬರಬೇಡ ಎಂದರು. ಹಬ್ಬದ ಮುಂಚಿನ ಆರ್ಡರುಗಳಿದ್ದವು, ಕೈ ಕಡಿಮೆ ಬೀಳುತ್ತಿತ್ತು. ಫರ್ಜಾನಾಳಿಗೆ ಫೋನ್ ಮಾಡಲು ಅಲ್ಲೇ ಹೇಳಿದರು. ರಜನಿ ಮೇಡಂಗೆ ಏನೂ ಅನ್ನಲಿಲ್ಲ.

ಚೀಲ ತೆಗೆದುಕೊಂಡು ಹೊರಟಾಗ ರಜನಿ ಮೇಡಂ ಮೆಟ್ಟಿಲ ಹತ್ತಿರ ಅಡ್ಡ ನಿಂತರು.

"ನಿನ್ನ ಇಲ್ಲಿ ತಂದಾಕಿ ನಾನು. ನನ್ನ ಹೊಟ್ಟಿ ಮ್ಯಾಲೆ ಹೊಡಿಯೂದಿತ್ತೇನು?"

"ಹೌದ್ರಿ ಮೇಡಂ," ಎಂದೆ. "ನಿಮ್ಮ ಹೊಟ್ಟಿ ಮ್ಯಾಲೇನ ಹೊಡಿಯೂದಿತ್ತು. ಗುರಿ ತಪ್ಪಿತು."

ಆಮೇಲೆ, ಕಡೆಯ ಸಲ ಕೀಲಿಕೈ ಕೊಡ್ರಿ ಎಂದು ಕೇಳಿದೆ. ಕೊಟ್ಟರು. ನಾನು ಟಾಯ್ಲೆಟ್ಟಿಗೆ ಹೋಗಿ ಬಂದು, ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಚೀಲದಲ್ಲಿಟ್ಟುಕೊಂಡು ಕೆಳಗಿಳಿದೆ. ಮರೆತು ತಂದೆ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಕಸದ ಡಬ್ಬಿಗೆ ಎಸೆದೆ.

ನಾಲ್ಕು ದಿನದ ಮೇಲೆ, ಕೆಲಸಕ್ಕೆ ಮರಳಿದ್ದ ಫರ್ಜಾನಾ ಫೋನ್ ಮಾಡಿದಳು. ನಾನು ಮಾಡಿದ್ದೆಲ್ಲ ಆಕೆಗೆ ಗೊತ್ತಾಗಿತ್ತು. ಬೈದಳು. ಬೈಯುತ್ತಲೇ ಸುದ್ದಿಯನ್ನೂ ಹೇಳಿದಳು. ಅಂದು ಬಡಗಿಯನ್ನು ಕರೆಸಿ ಬೀಗ ಒಡೆಸಿದ್ದರಂತೆ. ಹೊಸ ಬೀಗ ತರಿಸಲು ರಜನಿ ಮೇಡಂ ಹೊರಟಾಗ ಹೊಲಿಯುವ ಹೆಂಗಸರೆಲ್ಲ ಮಷೀನು ನಿಲ್ಲಿಸಿ, ನಮಗೆ ಒಳಗಿನ ಚಿಲಕ ಸಾಕು ಎಂದರಂತೆ. ರಜಿಸ್ಟರ್ ರದ್ದಿಗೆ ಹೋಯಿತಂತೆ. ರಜನಿ ಮೇಡಂ ಮಾತ್ರ ಅದೇ ಮೇಜಿನ ಮುಂದೆ ಇದ್ದರು. ಈಗಲೂ ಇದ್ದಾರೆ ಎಂದು ಕೇಳಿದ್ದೇನೆ.

ಮಳೆ ಹಿಂದಾಗುವ ಹೊತ್ತಿಗೆ ನನ್ನ ಕರುಳು ಮತ್ತೆ ಮಲಗಿತು. ಆಮೇಲೆ ಇನ್ನೊಂದು ಸಲ ಎದ್ದು ಮಲಗಿದೆ. ಮುಂದೆಯೂ ಏಳುತ್ತದೆ. ಬಂತು ಎನ್ನುತ್ತೇನೆ, ಮಾತ್ರೆ ತೆಗೆದುಕೊಳ್ಳುತ್ತೇನೆ, ಕೂರುತ್ತೇನೆ. ಈಗ ಸಯನ್‌ನಲ್ಲಿ ಮನೆಗೆ ಹತ್ತಿರದ ಒಂದು ಟೇಲರಿಂಗ್ ಕ್ಲಾಸಿನಲ್ಲಿ ಕಲಿಸುತ್ತೇನೆ. ನಡೆದೇ ಹೋಗಬಹುದು.

ಆ ವರ್ಷದ ಒಂದು ಭಾನುವಾರದ ಮಾತು ಇನ್ನೂ ಹೇಳುವುದಿದೆ. ಮಾವಶಿ ನನ್ನನ್ನು ತಮ್ಮ ವಿಹಾರಕ್ಕೆ ಕರೆದುಕೊಂಡು ಹೋದರು. ವಿಹಾರವೆಂದರೆ ಚಾಳಿನ ಮೂಲೆಯ ಒಂದು ಕೋಣೆ, ಚಾಪೆ, ಒಂದು ಬುದ್ಧನ ಮೂರ್ತಿ. ಹದಿನೈದಿಪ್ಪತ್ತು ಜನ ಕೂತಿದ್ದರು. ಕಣ್ಣು ಮುಚ್ಚಿ ನಾಲ್ಕು ಜನರಿಗೆ ಒಳ್ಳೆಯದಾಗಲಿ ಎಂದು ಬಯಸಬೇಕು. ಮೊದಲು ತನಗೆ, ಆಮೇಲೆ ತನ್ನವರಿಗೆ, ಆಮೇಲೆ ಅಷ್ಟಾಗಿ ಗೊತ್ತಿಲ್ಲದ ಒಬ್ಬರಿಗೆ, ಕೊನೆಗೆ ತನಗೆ ಕೆಟ್ಟದ್ದು ಮಾಡಿದವರಿಗೆ. ಮೊದಲ ಮೂವರದು ಸುಲಭವಾಗಿ ಆಯಿತು. ನಾಲ್ಕನೆಯದಕ್ಕೆ ರಜನಿ ಮೇಡಂ ಮುಖ ಕಣ್ಣ ಮುಂದೆ ಬಂತು, ನಾನು ಕಣ್ಣು ತೆರೆದುಬಿಟ್ಟೆ. ಎಲ್ಲರೂ ಎದ್ದು ಹೋದ ಮೇಲೂ ಕೂತೇ ಇದ್ದೆ.

"ಆಗೂದಿಲ್ಲ ಮಾವಶಿ," ಎಂದೆ. "ಆಕಿಗೆ ಒಳ್ಳೇದಾಗಲಿ ಅನ್ನಾಕ ನನ್ನ ಕೈಲೆ ಆಗೂದಿಲ್ಲ."

"ಆಗೂದಿಲ್ಲಂದ್ರ ಅನಬ್ಯಾಡ. ಸುಳ್ಳ ಹೇಳಬಾರದು ಅನ್ನೂದೂ ನಮ್ಮ ಶೀಲದಾಗ ಅದ."

"ನಿಮಗ ಆಗ್ತದಲ್ಲ?"

ಮಾವಶಿ ಚಾಪೆಯ ಅಂಚನ್ನು ಸರಿಮಾಡಿದರು. "ವಾರ್ಡಿನ್ಯಾಗ ನಮ್ಮ ಮ್ಯಾಲೆ ಒಬ್ಬ ಮುಕಾದಮ ಇದ್ದ. ಪೇಶಂಟಿನ ಕೈಯಾನ ಬಂಗಾರದ ಬಳಿ ಕಳದಾಗ ಎಲ್ಲಾರ ಮುಂದ ನನ್ನ ಸೀರಿ ಸೆರಗ ಬಿಚ್ಚಿಸಿ ತಪಾಸಣಿ ಮಾಡಿದ. ಬಳಿ ಹಾಸಗಿ ಕೆಳಗ ಸಿಕ್ಕವು. ಮೂವತ್ತು ವರ್ಷ ಆತು. ಅವ ಸತ್ತ ಹನ್ನೆರಡು ವರ್ಷ ಆತು. ಸತ್ತಾಂವಗೂ ನನಗ ಒಳ್ಳೇದಾಗಲಿ ಅನ್ನಾಕ ಬರವಲ್ದು."

ನಾನು ಅವರ ಮುಖವನ್ನೇ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ.

"ಮತ್ತ ವಾರಾ ವಾರಾ ಬಂದು ಯಾಕ ಕೂಡ್ತೀರಿ?"

"ಉಳದ ಮೂರು ಮಂದಿ ಇರ್ತಾರಲ್ಲ," ಎಂದರು ಮಾವಶಿ.